ರಮಾಬಾಯಿಯವರನ್ನು ನೆನೆದು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಎರಡು ವಾರವಾಯಿತು. ವಿಧವೆಯರಿಗೂ ಹೆಣ್ಣುಮಕ್ಕಳ ಓದಿಗೂ ಬಾಳು ಸವೆಸಿದ ಪಂಡಿತಾ ರಮಾಬಾಯಿಯವರ ವಿಷಯವಾಗಿ ಹಿಂದೆ ನಾನು ಬರೆದದ್ದನ್ನು ಓದಿ, "ಹುಟ್ಟಿದ ಧರ್ಮವನ್ನೇ ಬಿಟ್ಟು ಹೋದವರ ಮೇಲೆ ನಿನಗೇಕೆ ಇಷ್ಟೊಂದು ಗೌರವ?" ಎಂದು ಕೇಳಿದ್ದೆ. ನಿನ್ನ ಪ್ರಶ್ನೆಯಲ್ಲಿ ಕಹಿ ಇರಲಿಲ್ಲ, ತಿಳಿದುಕೊಳ್ಳುವ ಆಸೆಯಿತ್ತು. ಹಾಗಾಗಿಯೇ ಅವಸರದಲ್ಲಿ ಎರಡು ಸಾಲು ಗೀಚಿ ಕಳಿಸಲು ಮನಸ್ಸಾಗಲಿಲ್ಲ. ಇಂದು ಏಪ್ರಿಲ್ 5, ಅವರು ತೀರಿಕೊಂಡ ದಿನ. ಬೆಳಗಿನಿಂದ ಅವರೇ ನೆನಪಾಗುತ್ತಿರುವುದರಿಂದ ಕುಳಿತು ಬರೆಯುತ್ತಿದ್ದೇನೆ.

1874ರಲ್ಲಿ, ಕ್ಷಾಮದ ದಿನಗಳಲ್ಲಿ, ಊರಿಂದೂರಿಗೆ ಪುರಾಣ ಹೇಳುತ್ತ ಅಲೆಯುತ್ತಿದ್ದ ಒಂದು ಬ್ರಾಹ್ಮಣ ಕುಟುಂಬದಲ್ಲಿ ಮೊದಲು ತಂದೆ ತೀರಿಕೊಂಡರು, ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ಸ್ಮಶಾನ ದೂರವಿತ್ತು. ಹೆಣ ಹೊರಲು ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಮುಂದೆ ಬಂದರು, ಮೂರನೆಯವನಾಗಿ ಮಗ ನಿಂತ. ನಾಲ್ಕನೆಯ ಹೆಗಲಿಗೆ ಯಾರೂ ಇಲ್ಲದೆ ಹದಿನಾರರ ಮಗಳೇ ಚಟ್ಟಕ್ಕೆ ಕೈಕೊಡಬೇಕಾಯಿತು. ಆಕೆ ಕುಳ್ಳು. ಹೆಗಲು ಉಳಿದವರ ಎತ್ತರಕ್ಕೆ ನಿಲುಕದಿದ್ದುದರಿಂದ ತಾಯಿಯ ಭಾರವನ್ನು ತಲೆಯ ಮೇಲೆ ಹೊತ್ತು ನಡೆದರು. ರಮಾಬಾಯಿ ಎಂದಾಗಲೆಲ್ಲ ನನ್ನ ಕಣ್ಣೆದುರು ಮೊದಲು ಬಂದು ನಿಲ್ಲುವುದು ಈ ಚಿತ್ರ.

ಆ ತಾಯಿ ಲಕ್ಷ್ಮೀಬಾಯಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ನಮ್ಮ ಕಾರ್ಕಳದ ಕಡೆಯ ಮಾಳದವರು. ತಮ್ಮ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡಿದ್ದ ಶಾಸ್ತ್ರಿಗಳು ತಮ್ಮ ಮನೆಯಲ್ಲೂ ಹಾಗೆಯೇ ಆಗಬೇಕೆಂದು ಬಯಸಿ, ಒಂಬತ್ತರ ಎಳೆಯ ವಯಸ್ಸಿನಲ್ಲಿ ಮನೆಗೆ ಬಂದ ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟರು. ಸುತ್ತಲಿನವರ ವಿರೋಧ ಹೆಚ್ಚಿದಾಗ ಮಣಿಯದೆ, ಘಟ್ಟದ ಮೇಲೆ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಕಾಡಿನಲ್ಲಿಯೇ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು. ಮುಂದೆ ಮಗಳಿಗೆ ಪಾಠ ಹೇಳಿದವರು ಲಕ್ಷ್ಮೀಬಾಯಿಯೇ. ಹಗಲಿಡೀ ಮನೆಗೆಲಸದಲ್ಲಿ ಬಿಡುವಿಲ್ಲದ ಆ ತಾಯಿ ಮೂಡಲು ಬೆಳ್ಳಗಾಗುವ ಮೊದಲೇ ಮಗುವನ್ನು ಮುದ್ದುಮಾತಿನಿಂದ ಎಬ್ಬಿಸುತ್ತಿದ್ದರಂತೆ, ಕಾಡಿನ ಹಕ್ಕಿಗಳು ದನಿ ತೆಗೆಯುವ ಹೊತ್ತಿಗೆ ಇಲ್ಲಿ ಶ್ಲೋಕ ಶುರುವಾಗಿರುತ್ತಿತ್ತಂತೆ. ಪುಸ್ತಕವಿರಲಿಲ್ಲ, ತಾಯಿಯ ಬಾಯಿಯೇ ಪುಸ್ತಕ. ರಮಾಬಾಯಿ 1887ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವನ್ನು ಅರ್ಪಿಸಿದ್ದು ಈ ತಾಯಿಯ ನೆನಪಿಗೆ.

ತಂದೆತಾಯಿಯ ಬೆನ್ನಿಗೇ ಅಕ್ಕನೂ ತೀರಿಕೊಂಡ ಮೇಲೆ ಅಣ್ಣ ಶ್ರೀನಿವಾಸನೊಡನೆ ರಮಾಬಾಯಿ ನಡೆದದ್ದು ಸಾವಿರಾರು ಮೈಲಿ. ಪಂಜಾಬಿನ ಚಳಿಯಲ್ಲಿ ಹೊದೆಯಲು ಏನೂ ಇಲ್ಲದೆ, ನದಿಯ ದಂಡೆಯಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಹೊರಗಿಟ್ಟು, ಮೈಮೇಲೆ ಮರಳು ಎಳೆದುಕೊಂಡು ಅಣ್ಣತಂಗಿಯರು ಮಲಗುತ್ತಿದ್ದರು. 1878ರಲ್ಲಿ ಕಲ್ಕತ್ತೆ ಸೇರಿದಾಗ ಅಲ್ಲಿನ ವಿದ್ವಾಂಸರು ಪರೀಕ್ಷಿಸಿ 'ಪಂಡಿತಾ' ಎಂದೂ 'ಸರಸ್ವತಿ' ಎಂದೂ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ, ಜಾತಿಯ ಗೋಡೆಯನ್ನು ಲೆಕ್ಕಿಸದೆ, ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಗಂಡ ಕಾಲರಾಕ್ಕೆ ಬಲಿಯಾದರು. ಇಪ್ಪತ್ಮೂರರ ವಿಧವೆ, ಕಂಕುಳಲ್ಲಿ ಕೂಸು. ಅದೇ ವರ್ಷ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು, ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಈ ದೇಶದ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ತಮ್ಮ ದುಃಖಕ್ಕೆ ಎಷ್ಟು ದಿನ ಕೊಟ್ಟರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. 1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಆ ಸೆಪ್ಟೆಂಬರಿನಲ್ಲಿಯೇ ಮಗಳೊಡನೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಹಸಿವಿಗೆ ಸೋತು ಹಾಗೆ ಮಾಡಿದರೆಂದು ಹೇಳುವವರಿದ್ದಾರೆ, ಆದರೆ ಅದಕ್ಕಿಂತ ಕಠಿಣವಾದ ಹಸಿವನ್ನು ಅವರು ಹತ್ತು ವರ್ಷ ಮೊದಲೇ ದಾಟಿ ಬಂದಿದ್ದರು. ಲಂಡನ್ನಿನ ಫುಲ್‌ಹಮ್‌ನಲ್ಲಿ, ಸಮಾಜ ಕೆಟ್ಟವರೆಂದು ಹೊರಗಟ್ಟಿದ ಹೆಂಗಸರನ್ನು ಸನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ಅವರು ಕಂಡರು. ಇದಕ್ಕೆ ಪ್ರೇರಣೆ ಏನೆಂದು ಕೇಳಿದಾಗ ಒಬ್ಬ ಸನ್ಯಾಸಿನಿ ಯೆಹೂದ್ಯರು ಕೀಳೆಂದು ದೂರವಿಟ್ಟಿದ್ದ ಸಮಾರ್ಯದ ಹೆಂಗಸೊಬ್ಬಳೊಡನೆ ಕ್ರಿಸ್ತನು ಮಾತಾಡಿದ ಬೈಬಲ್ಲಿನ ಪ್ರಸಂಗವನ್ನು ಓದಿ ಹೇಳಿದರು. ಸ್ತ್ರೀಯರಿಗೂ ಶೂದ್ರರಿಗೂ ವೇದದ ಅಧಿಕಾರವಿಲ್ಲವೆಂಬ ಮಾತನ್ನು ತಾವೇ ಓದಿದ ಶಾಸ್ತ್ರಗಳಲ್ಲಿ ಕಂಡು ನೊಂದಿದ್ದವರಿಗೆ ಆ ಪ್ರಸಂಗ ಹೇಗೆ ತಟ್ಟಿರಬಹುದೆಂದು ನೀನೇ ಊಹಿಸು. ಎಲ್ಲರೂ ದೂರ ತಳ್ಳಿದ ಹೆಣ್ಣಿಗೆ ಒಂದು ನಂಬಿಕೆ ಎಲ್ಲಿ ಜಾಗ ಕೊಡುತ್ತದೆ ಎಂಬ ಒಂದೇ ಒರೆಗಲ್ಲಿನಲ್ಲಿ ಅವರು ಧರ್ಮವನ್ನು ಉಜ್ಜಿ ನೋಡಿದರೆಂದು ನನ್ನ ತಿಳಿವಳಿಕೆ. ನಾನು ಹುಟ್ಟಿದ ಧರ್ಮದಲ್ಲಿಯೇ ಇದ್ದೇನೆ, ಇಲ್ಲೇ ಇರುತ್ತೇನೆ, ಆದರೆ ಆ ಒರೆಗಲ್ಲು ನನಗೂ ಬೇಕು.

ಹೊಸ ಧರ್ಮದಲ್ಲೂ ಅವರು ಬಾಯಿ ಮುಚ್ಚಿ ಕುಳಿತವರಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಬರಹವೇ ಏಕಿರಬೇಕು, ಸಂಸ್ಕೃತ ಏಕಾಗಬಾರದು ಎಂದು ತಮಗೆ ಆಶ್ರಯ ಕೊಟ್ಟವರೊಡನೆ ವಾದಿಸಿದರು. ಸಸ್ಯಾಹಾರವನ್ನು ಬಿಡಲಿಲ್ಲ. 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಮನೆಗೆ ಇಟ್ಟ ಹೆಸರು ಶಾರದಾ ಸದನ. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ 1893ರಲ್ಲಿ ಎದ್ದ ವಿವಾದವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮತದ ಒತ್ತಾಯವಿಲ್ಲವೆಂಬ ಭರವಸೆಯ ಮೇಲೆ ನಡೆಯುತ್ತಿದ್ದ ಸದನದಲ್ಲಿ, ರಮಾಬಾಯಿ ತೆರೆದ ಬಾಗಿಲಿನ ಕೋಣೆಯಲ್ಲಿ ಮಾಡುತ್ತಿದ್ದ ಪ್ರಾರ್ಥನೆಗೆ ಹುಡುಗಿಯರೂ ಬಂದು ಕೂರತೊಡಗಿದರು. ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರರಂಥ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು, ಎಷ್ಟೋ ಪಾಲಕರು ಮಕ್ಕಳನ್ನು ಕರೆದೊಯ್ದರು. ಆ ಪಾಲಕರ ಆತಂಕವನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಅದೇ ವರ್ಷ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದಿಬಾಯಿಯಾದರು. ಕರ್ವೆಯವರು ಮುಂದೆ 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನು ಕಟ್ಟಿದವರೆಂಬುದು ನಿನಗೆ ಗೊತ್ತು. ಆ ಹೊಸಿಲಿನಿಂದ ಹೊರಬಂದ ದಾರಿಗಳು ಎಲ್ಲೆಲ್ಲಿಗೆ ಹೋದವು ನೋಡು.

1897ರ ಹೊತ್ತಿಗೆ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಿದ್ದಾಗ ರಮಾಬಾಯಿ ತಾವೇ ಹೋಗಿ ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು. ಕ್ಷಾಮವನ್ನು ಹೊಟ್ಟೆಯಲ್ಲಿ ಉಂಡವರು ಮಾತ್ರ ಹಾಗೆ ಹೊರಡಬಲ್ಲರು. ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಬೆಳೆದ ಆ ನೆಲೆಗೆ 'ಮುಕ್ತಿ' ಎಂದು ಹೆಸರಾಯಿತು. ತಂದೆ ಊರೂರು ತೀರ್ಥಯಾತ್ರೆ ಮಾಡಿ ಹುಡುಕಿದ್ದೂ ಅದೇ ಹೆಸರಿನದನ್ನು. ಮುಂದೆ ಸುಮಾರು ಎರಡು ಸಾವಿರ ಮಂದಿ ಅಲ್ಲಿ ಒಟ್ಟಿಗೆ ಬಾಳಿದರು. ನೇಯ್ಗೆ, ಎಣ್ಣೆಗಾಣ, ಹೈನು, ತೋಟ, ಮುದ್ರಣ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡು ಮಕ್ಕಳಿಗೆ ಬ್ರೈಲ್ ಕಲಿಸಲು ಮನೋರಮಾ ತಾವೇ ಅದನ್ನು ಕಲಿತು ಬಂದರು. 1912ರ ಸುಮಾರಿಗೆ ನಮ್ಮ ಗುಲ್ಬರ್ಗದಲ್ಲಿ ತೆರೆದ ಶಾಲೆಯನ್ನು ನೋಡಿಕೊಂಡವರೂ ಮನೋರಮಾ. ತಾಯಿಯ ಕೆಲಸವನ್ನೇ ತನ್ನ ಕೆಲಸವೆಂದು ಬದುಕಿದ ಆ ಮಗಳನ್ನು ನಾವು ಇನ್ನೂ ಸರಿಯಾಗಿ ನೆನೆದಿಲ್ಲವೆಂಬ ಕೊರಗು ನನ್ನದು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಕಿವಿ ಮಂದವಾಗುತ್ತಿದ್ದರೂ ಹೀಬ್ರೂ ಗ್ರೀಕ್ ಕಲಿತು, ಓದುಬರಹ ಹೆಚ್ಚಿಲ್ಲದ ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ಮರಾಠಿಯಲ್ಲಿ ಬೈಬಲ್ಲನ್ನು ಅನುವಾದಿಸುತ್ತಿದ್ದರು. ಮುಕ್ತಿಯ ಹೆಂಗಸರೇ ಅದರ ಅಚ್ಚುಮೊಳೆ ಜೋಡಿಸುತ್ತಿದ್ದರು. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡರು. ತಾಯಿಯನ್ನು ತಲೆಯ ಮೇಲೆ ಹೊತ್ತು ನಡೆದವರು ನಲವತ್ತೇಳು ವರ್ಷಗಳ ನಂತರ ಒಬ್ಬಳೇ ಮಗಳನ್ನೂ ಕಳುಹಿಸಿಕೊಟ್ಟು, ಮತ್ತೆ ಕರಡಚ್ಚುಗಳ ಮುಂದೆ ಕುಳಿತರು. ಅನುವಾದದ ಕೆಲಸ ಮುಗಿಯುತ್ತಲೇ, 1922ರ ಏಪ್ರಿಲ್ 5ರಂದು, ಅವರೂ ಹೋದರು.

ಮೇ ತಿಂಗಳಲ್ಲಿ ನೀನು ಬಂದಾಗ ಮಾಳಕ್ಕೆ ಹೋಗೋಣ. ಅಲ್ಲಿಂದ ಘಟ್ಟದ ಕಾಡು ಕಾಣುತ್ತದೆ. ಸಾಧ್ಯವಾದರೆ ಬೆಳಕು ಹರಿಯುವ ಮೊದಲೇ ಹೊರಡೋಣ, ಹಕ್ಕಿಗಳು ಏಳುವ ಹೊತ್ತಿಗೆ ಅಲ್ಲಿರಬೇಕೆಂದು ನನಗೆ ಆಸೆ.

ಇಂತಿ ನಿನ್ನ ಪ್ರೀತಿಯ,
ಗೆಳೆಯ