ಇಪ್ಪತ್ತು ಬೈಟಿನ ಬ್ಯಾಕಪ್: ಅಣ್ಣನ ಮಗಳಿಗೆ ಒಂದು ಪತ್ರ

ರಾಯಚೂರು,
ಮೇ 11

ಚಿ. ಶಿವಲೀಲಾಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಬಿಸಿಲೊಂದನ್ನು ಬಿಟ್ಟರೆ ದೂರುವಂಥದ್ದೇನೂ ಇಲ್ಲ. ಬಳ್ಳಾರಿಯಲ್ಲಿ ನಿನಗೆ ಕೆಲಸ ಸಿಕ್ಕಿತೆಂದೂ, ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಮಾರಿಕೊಡುವ ಅಡತ್ ಅಂಗಡಿಗಳಿಗೂ ಅಕ್ಕಿ ಗಿರಣಿಗಳಿಗೂ ಲೆಕ್ಕದ ಸಾಫ್ಟ್‌ವೇರ್ ಬರೆಯುವ ತಂಡಕ್ಕೆ ನಿನ್ನನ್ನು ಸೇರಿಸಿದ್ದಾರೆಂದೂ ಅಣ್ಣ ಫೋನಿನಲ್ಲಿ ಹೇಳಿದಾಗ ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು. ಯಾವ ಪ್ರೋಗ್ರಾಮಿಂಗ್ ಭಾಷೆಯನ್ನು ಚೆನ್ನಾಗಿ ಕಲಿತರೆ ಮುಂದೆ ಅನುಕೂಲವಾದೀತು ಎಂದು ನೀನು ಕೇಳಿದ್ದೀ. ನಿನ್ನ ತಂಡ ಯಾವುದರಲ್ಲಿ ಬರೆಯುತ್ತದೆಯೋ ಅದನ್ನು ಕಲಿ. ಆ ಪ್ರಶ್ನೆಗೆ ಇದಕ್ಕಿಂತ ಉದ್ದದ ಉತ್ತರ ನನ್ನಲ್ಲಿಲ್ಲ. ನಾನು ಫಾಕ್ಸ್‌ಪ್ರೋದಲ್ಲಿ ಆರಂಭಿಸಿ ವಿಷುಯಲ್ ಬೇಸಿಕ್, ಪಿಎಚ್‌ಪಿ, ಪೈಥಾನ್ ಎಂದು ನಾಲ್ಕು ಮನೆ ಬದಲಿಸಿದ್ದೇನೆ. ಗಂಜಿನ ಒಂದೇ ಅಂಗಡಿಯ ರೈತರ ಖಾತೆಗಳು ಮಾತ್ರ ಆ ನಾಲ್ಕೂ ಮನೆಗಳಿಗೆ ನನ್ನ ಹಿಂದೆಯೇ ಬಂದಿವೆ. ಆದ್ದರಿಂದ ಪ್ರೋಗ್ರಾಮಿನ ಬಗ್ಗೆ ಹೇಳುವುದನ್ನು ಬಿಟ್ಟು, ಅದರೊಳಗೆ ಜನರು ನಂಬಿ ಇಡುವ ಹೆಸರು, ತೂಕ ಮತ್ತು ಹಣದ ಬಗ್ಗೆ ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಮೊದಲು ಹೆಸರಿನ ವಿಷಯ. ನಮ್ಮ ಹಳೆಯ ಪ್ರೋಗ್ರಾಮುಗಳಲ್ಲಿ ರೈತರ ಹೆಸರುಗಳನ್ನು ಆ ಕಾಲದ ನುಡಿ, ಬರಹ ಫಾಂಟುಗಳಲ್ಲಿ ತುಂಬುತ್ತಿದ್ದರು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತೇ ಹೊರತು ಒಳಗೆ ಕುಳಿತಿದ್ದವು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಊರಿಗೆ ಊರೇ ಗುರುತು ಸಿಗದಂತಾಗುತ್ತಿತ್ತು. ಎಲ್ಲ ಲಿಪಿಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳ ಸ್ವಂತ ಓಣಿ ದೊರೆಯಿತು. ಆ ಸಂಖ್ಯೆಗಳನ್ನು ಬೈಟುಗಳಾಗಿ, ಅಂದರೆ ಕಂಪ್ಯೂಟರಿನ ನೆನಪಿನ ಚಿಕ್ಕ ಚಿಕ್ಕ ಖಾನೆಗಳಲ್ಲಿ, ಬರೆದಿಡಲು ಇಂದು ಎಲ್ಲೆಡೆ ಬಳಸುವ ಯುಟಿಎಫ್-8 ಪದ್ಧತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಅದರಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. ಚಿಹ್ನೆ ಎಂದೆ, ಅಕ್ಷರ ಎನ್ನಲಿಲ್ಲ, ಏಕೆಂದರೆ ‘ದೊಡ್ಡಬಸಪ್ಪ’ ಎಂಬ ಹೆಸರು ನಮ್ಮ ಕಣ್ಣಿಗೆ ಐದಕ್ಷರವಾದರೂ ಗುಣಿತ, ಹಲಂತಗಳನ್ನೆಲ್ಲ ಬಿಡಿಸಿ ಎಣಿಸುವ ಕಂಪ್ಯೂಟರಿಗೆ ಹತ್ತು ಚಿಹ್ನೆ, ಅಂದರೆ 30 ಬೈಟ್.

ಹೆಸರಿಗೆ 20 ಬೈಟ್ ಧಾರಾಳವಾಯಿತೆಂದು ನಾನೇ ಒಮ್ಮೆ ನಿಗದಿ ಮಾಡಿದ್ದೆ. ಪರೀಕ್ಷೆಗೆ ಹಾಕಿದ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ತಪ್ಪು ಕಾಣಲಿಲ್ಲ. ಅಂಗಡಿಯಲ್ಲಿ ಮೊದಲ ದಿನವೇ ರೈತನಿಗೆ ಕೊಡುವ ಲೆಕ್ಕದ ಪಟ್ಟಿಯ ಮೇಲೆ ‘ದೊಡ್ಡಬ’ ಎಂದು ಬಂದು, ಮುಂದೆ ಕಪ್ಪು ಚೌಕದಲ್ಲಿ ಒಂದು ಪ್ರಶ್ನೆಯ ಗುರುತು ನಿಂತಿತ್ತು. ಆರು ಚಿಹ್ನೆಗಳಿಗೆ 18 ಬೈಟ್ ಹೋಗಿ, ಏಳನೆಯದಾದ ‘ಸ’ಕಾರದ ಮೂರು ಬೈಟುಗಳಲ್ಲಿ ಎರಡು ಮಾತ್ರ ಉಳಿದುಕೊಂಡಿದ್ದವು. ಆ ರೈತ ಚೀಟಿಯನ್ನು ತಿರುಗಿಸಿ ಹಿಂದೆ ನೋಡಿ, ‘ನನ್ನ ಅರ್ಧ ಹೆಸರು ಎಲ್ಲಿ ಬಿಟ್ರಿ ಸಾಹುಕಾರ್ರ?’ ಎಂದು ಕೇಳಿದ. ಅಂದಿನಿಂದ ನನ್ನ ಪರೀಕ್ಷೆಯ ಹೆಸರುಗಳಲ್ಲಿ ಮೊದಲನೆಯದು ದೊಡ್ಡಬಸಪ್ಪನದೇ.

ಇದರ ಬೆನ್ನಿಗೇ ಇನ್ನೊಂದು ಸೂಕ್ಷ್ಮವಿದೆ. ‘ದೊ’ ಎಂಬುದರ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರ ಎಂಬ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಡುವವರಿಗೆ ಎರಡೂ ಒಂದೇ, ಹೋಲಿಸುವ ಪ್ರೋಗ್ರಾಮಿಗೆ ಬೇರೆ ಬೇರೆ. ಒಬ್ಬನೇ ರೈತನಿಗೆ ಎರಡು ಖಾತೆ ಹುಟ್ಟುವುದು ಹೀಗೆ. ಹೆಸರು ಒಳಗೆ ಬರುವ ಬಾಗಿಲಲ್ಲೇ ಅದನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದುಬಿಡು. ಆದರೆ ‘ರಾಜ್‌ಕುಮಾರ್’ ಎಂಬಲ್ಲಿ ‘ಜ’ದ ಕೆಳಗೆ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆಯಲ್ಲ, ಅದು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ. ಅದನ್ನು ಅಳಿಸಿಬಿಡೋಣವೆಂದರೆ ಅಚ್ಚಿನಲ್ಲಿ ಹೆಸರು ಕೆಡುತ್ತದೆ. ಬರೆದ ಹೆಸರನ್ನು ಬರೆದಂತೆಯೇ ಇಟ್ಟು, ಹುಡುಕುವುದಕ್ಕೆಂದು ಆ ಚಿಹ್ನೆ ತೆಗೆದ ಪ್ರತಿಯನ್ನು ಪಕ್ಕದ ಕಾಲಮ್ಮಿನಲ್ಲಿ ಇಡುವುದು ನಾನು ಕಂಡುಕೊಂಡ ದಾರಿ. ಮಾಹಿತಿಯನ್ನೆಲ್ಲ ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ ಯುಟಿಎಫ್8ಎಂಬಿ4 ಎಂಬುದನ್ನೇ ಆರಿಸು. ಅದರ ಹಳೆಯ ‘ಯುಟಿಎಫ್8’ ಮೂರು ಬೈಟಿಗೇ ನಿಂತುಬಿಡುವುದರಿಂದ ಕನ್ನಡಕ್ಕೆ ಸಾಕಾದರೂ ಯಾರಾದರೂ ಎಮೋಜಿ ಹಾಕಿದ ದಿನ ಕೈಕೊಡುತ್ತದೆ. ರೈತರಿಗೆ ಎಸ್‌ಎಂಎಸ್ ಕಳಿಸುವ ಕೆಲಸ ಬಂದರೆ ಇಂಗ್ಲಿಷಿನ ಸಂದೇಶಕ್ಕೆ 160 ಅಕ್ಷರದ ಜಾಗ, ಕನ್ನಡಕ್ಕೆ 70 ಚಿಹ್ನೆಯ ಜಾಗ ಎಂಬುದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡು. ಅದನ್ನು ದಾಟಿದರೆ ತುಂಡೊಂದಕ್ಕೆ 67 ಚಿಹ್ನೆಯಂತೆ ಸಂದೇಶ ಒಡೆಯುತ್ತದೆ, ತುಂಡು ತುಂಡಿಗೂ ಬಿಲ್ ಬರುತ್ತದೆ.

ಹೆಸರನ್ನಾಗಲಿ ಫೋನ್ ನಂಬರನ್ನಾಗಲಿ ಖಾತೆಯ ಗುರುತಾಗಿ ಬಳಸಬೇಡ. ಒಂದೇ ಊರಿನಲ್ಲಿ ತಂದೆಯ ಹೆಸರೂ ಕೂಡುವ ಇಬ್ಬರು ಬಸವರಾಜರು ಸಿಗುತ್ತಾರೆ, ಮಗನ ಕೈಗೆ ಹೋದ ಸಿಮ್ ಮರುವರ್ಷ ಯಾರದೋ ಆಗಿರುತ್ತದೆ. ಪಹಣಿಯಲ್ಲಿರುವ ಸರ್ವೆ ನಂಬರನ್ನು ಎಕ್ಸೆಲ್ಲಿನಲ್ಲಿ ತುಂಬಿ ಕಳಿಸಿ ಎಂದು ಯಾರಿಗೂ ಹೇಳಬೇಡ. 12/2 ಎಂದು ಹೊಡೆದರೆ ಅದು ತಾನೇ ತಾರೀಖೆಂದು ತಿಳಿದು ಫೆಬ್ರವರಿ 12 ಮಾಡಿಕೊಂಡಿರುತ್ತದೆ. ಇದು ನಮ್ಮ ಗುಮಾಸ್ತರಿಗೆ ಮಾತ್ರ ಬಂದ ತೊಂದರೆಯಲ್ಲ. ಮಾನವ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯವರು ಮಾರ್ಚ್, ಸೆಪ್ಟೆಂಬರ್ ತಿಂಗಳಂತೆ ತೋರುತ್ತಿದ್ದ ಕೆಲವು ಜೀನುಗಳ ಹೆಸರನ್ನೇ 2020ರ ಹೊತ್ತಿಗೆ ಬದಲಿಸಬೇಕಾಯಿತು. ವಿಜ್ಞಾನಿಗಳೇ ಎಕ್ಸೆಲ್ಲಿಗೆ ದಾರಿ ಬಿಟ್ಟ ಮೇಲೆ ನಾವೇನು ಲೆಕ್ಕ!

ಇನ್ನು ಹಣ. 0.1ಕ್ಕೆ 0.2 ಕೂಡಿಸಿದರೆ ಕಂಪ್ಯೂಟರ್ 0.30000000000000004 ಎನ್ನುವುದನ್ನು ಕಾಲೇಜಿನಲ್ಲಿ ನಗುತ್ತ ನೋಡಿರುತ್ತೀ. ರೂಪಾಯಿಯನ್ನು ಹಾಗೆ ದಶಾಂಶದಲ್ಲಿ ಇಡದೆ ಪೈಸೆಗಳ ಪೂರ್ಣಾಂಕವಾಗಿ ಇಟ್ಟರೆ ಆ ಪೀಡೆ ತಪ್ಪುತ್ತದೆ. ಅದಕ್ಕಿಂತ ಹೆಚ್ಚು ಜಗಳ ತರುವುದು ಎಲ್ಲಿ ಅಂಕಿಯನ್ನು ಹತ್ತಿರದ ಪೈಸೆಗೆ ಪೂರ್ತಿ ಮಾಡುತ್ತೇವೆ ಎಂಬ ವಿಷಯ. ನಮ್ಮ ಕಡೆ ಭತ್ತದ ದರವನ್ನು 75 ಕಿಲೋ ಚೀಲಕ್ಕೆ ಹೇಳುತ್ತಾರೆ, ತೂಕವಾಗುವುದು ಕಿಲೋದಲ್ಲಿ. ಚೀಲಕ್ಕೆ 2,300 ರೂಪಾಯಿ, ಮಾಲು 4,180 ಕಿಲೋ ಎಂದಿಟ್ಟುಕೋ. ಮೊದಲು ಗುಣಿಸಿ ಕೊನೆಗೆ 75ರಿಂದ ಭಾಗಿಸಿದರೆ 1,28,186 ರೂಪಾಯಿ 67 ಪೈಸೆ. ಮೊದಲೇ ಕಿಲೋ ದರ ತೆಗೆದು ಅದನ್ನು 30.67 ಎಂದು ಪೂರ್ತಿ ಮಾಡಿ ಆಮೇಲೆ ಗುಣಿಸಿದರೆ 1,28,200 ರೂಪಾಯಿ 60 ಪೈಸೆ. ಒಂದೇ ಲಾರಿಯಲ್ಲಿ 13 ರೂಪಾಯಿ 93 ಪೈಸೆ ವ್ಯತ್ಯಾಸ! ನಿನ್ನ ಪ್ರೋಗ್ರಾಂ ಯಾವ ರೀತಿ ಮಾಡಬೇಕೆಂದು ನೀನು ತೀರ್ಮಾನಿಸಬೇಡ. ಅಂಗಡಿಯ ಹಿರಿಯ ಗುಮಾಸ್ತರ ಪಕ್ಕದಲ್ಲಿ ಒಂದು ದಿನ ಕುಳಿತು, ಅವರ ಬೆರಳು ಕಿರ್ದಿಯ, ಅಂದರೆ ದಿನದ ಲೆಕ್ಕದ ಪುಸ್ತಕದ, ಮೇಲೆ ಹೇಗೆ ಇಳಿಯುತ್ತದೆ, ಹಮಾಲಿಯನ್ನು ಎಲ್ಲಿ ಕಳೆಯುತ್ತಾರೆ, ಪೈಸೆಯನ್ನು ಯಾವ ಸಾಲಿನಲ್ಲಿ ಬಿಡುತ್ತಾರೆ ಎಂದು ನೋಡಿಕೊಂಡು ಬಾ.

ಸಮಯದ ಬಗ್ಗೆ ಎರಡು ಮಾತು. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ನಡೆಯುತ್ತವೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೇಸಿಗೆ ಭತ್ತದ ಹೊತ್ತಿನಲ್ಲಿ ಲಾರಿಗಳು ರಾತ್ರಿಯೆಲ್ಲ ವೇಬ್ರಿಡ್ಜಿನ ಮುಂದೆ ನಿಂತಿರುತ್ತವೆ. ಏಪ್ರಿಲ್ 1ರ ನಸುಕಿನ 2 ಗಂಟೆಗೆ ತೂಗಿದ ಲಾರಿ ಯುಟಿಸಿಯಲ್ಲಿ ಮಾರ್ಚ್ 31ರ ರಾತ್ರಿ 8.30ರದ್ದು. ತಾರೀಖನ್ನು ಅಲ್ಲಿಂದಲೇ ಕತ್ತರಿಸಿಕೊಂಡರೆ ಆ ಲಾರಿ ಹಿಂದಿನ ಹಣಕಾಸು ವರ್ಷಕ್ಕೆ ಹೋಗಿ ಕೂರುತ್ತದೆ, ಲೆಕ್ಕ ಪರಿಶೋಧಕರು ನಿನ್ನನ್ನು ಕರೆಸುತ್ತಾರೆ. ಇಡುವುದು ಯುಟಿಸಿಯಲ್ಲಿಯೇ ಇರಲಿ. ದಿನ, ತಿಂಗಳು, ವರ್ಷ ಎಂದು ಗುಂಪು ಮಾಡುವ ಮುನ್ನ ನಮ್ಮ ಸಮಯಕ್ಕೆ ತಿರುಗಿಸಿಕೋ.

ಇಂಟರ್ನೆಟ್ ಮೂಲಕ ಹಣ ಕಳಿಸುವ ಭಾಗ ನಿನ್ನ ಕೈಗೆ ಬಂದರೆ ಒಂದನ್ನು ನೆನಪಿಡು: ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದು ಅರ್ಥವಲ್ಲ. ಮುತ್ತ್ಯಾ ಊರಿಂದ ಮನಿಯಾರ್ಡರ್ ಕಳಿಸಿದಾಗ ರಸೀದಿ ತಡವಾದರೆ ಹಣ ತಲುಪಿಲ್ಲವೆಂದು ಮತ್ತೊಂದು ಕಳಿಸುತ್ತಿರಲಿಲ್ಲ, ಅಂಚೆ ಕಚೇರಿಗೆ ಹೋಗಿ ವಿಚಾರಿಸುತ್ತಿದ್ದರು. ಪ್ರೋಗ್ರಾಮೂ ಹಾಗೆಯೇ ವಿಚಾರಿಸಬೇಕು. ಕರೆಂಟ್ ಹೋಗಿ ರೂಟರ್ ಆರಿದ ಕ್ಷಣದಲ್ಲಿ ಗುಮಾಸ್ತ ‘ಪಾವತಿಸು’ ಗುಂಡಿಯನ್ನು ಒತ್ತಿರುತ್ತಾನೆ. ಬೇಡಿಕೆ ಬ್ಯಾಂಕಿಗೆ ಮುಟ್ಟಿರುತ್ತದೆ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರುತ್ತದೆ. ಕರೆಂಟ್ ಬಂದ ಮೇಲೆ ಅವನು ಮತ್ತೆ ಒತ್ತುತ್ತಾನೆ, ಒತ್ತದೆ ಇರುವುದು ಮನುಷ್ಯರಿಗೆ ಸಾಧ್ಯವಿಲ್ಲ. ಆದ್ದರಿಂದ ಪಟ್ಟಿ ಹುಟ್ಟಿದಾಗಲೇ ಅದಕ್ಕೊಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟು, ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ಹೋಗುವಂತೆ ಮಾಡು. ಸರ್ವರಿನ ಕಡೆ ಆ ಸಂಖ್ಯೆಯ ಪಾವತಿ ಒಮ್ಮೆ ಆಗಿದ್ದರೆ ಹಳೆಯ ಉತ್ತರವನ್ನೇ ಮರಳಿಸಲಿ. ಈ ಎಚ್ಚರವಿಲ್ಲದೆ ಒಬ್ಬ ರೈತನಿಗೆ ಎರಡು ಸಲ ಹಣ ಹೋಗಿ, ಅವನೇ ಪ್ರಾಮಾಣಿಕನಾಗಿ ಮರುದಿನ ಬಂದು ತಿಳಿಸಿದ್ದರಿಂದ ನನ್ನ ಮಾನ ಉಳಿದ ಪ್ರಸಂಗವೊಂದಿದೆ.

ಪಾಸ್‌ವರ್ಡುಗಳನ್ನು ಕೋಡಿನೊಳಗೆ ಬರೆದು, ಕೋಡಿನ ಹಳೆಯ ಆವೃತ್ತಿಗಳನ್ನೆಲ್ಲ ಕಾಯ್ದಿಡುವ ಗಿಟ್‌ಗೆ ಸೇರಿಸಬೇಡ. ಆಮೇಲೆ ಅಳಿಸಿದರೂ ಹಿಂದಿನ ಆವೃತ್ತಿಯಲ್ಲಿ ಅದು ಕೂತೇ ಇರುತ್ತದೆ, ಬದಲಿಸುವುದೊಂದೇ ಪರಿಹಾರ. ಈಗಿನ ಎಐ ಬರೆದುಕೊಡುವ ಕೋಡನ್ನು ಬಳಸುವುದು ತಪ್ಪೆಂದು ನಾನು ಹೇಳಲಾರೆ, ನಾನೂ ಬಳಸುತ್ತೇನೆ. ಆದರೆ ಅದಕ್ಕೆ 75 ಕಿಲೋ ಚೀಲದ ಲೆಕ್ಕ ನೀನಾಗಿ ಹೇಳದೆ ತಿಳಿಯುವುದಿಲ್ಲ.

ಬ್ಯಾಕಪ್ಪಿನ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದು ಬರೆಯಲು ಇಂದಿಗೂ ಸಂಕೋಚವಾಗುವುದರಿಂದ. ಗಂಜಿನ ಆ ಅಂಗಡಿಯ ಸರ್ವರ್ ಗಲ್ಲಾಪೆಟ್ಟಿಗೆಯ ಕೆಳಗೆ ಇರುತ್ತಿತ್ತು. ಪ್ರತಿ ರಾತ್ರಿ 11ಕ್ಕೆ ಡೇಟಾಬೇಸನ್ನು ಹೊರತೆಗೆದು, ಜಿಜಿಪ್ ಎಂಬ ಪ್ರೋಗ್ರಾಮಿನಿಂದ ಕುಗ್ಗಿಸಿ, ತಾರೀಖಿನ ಹೆಸರಿನಲ್ಲಿ ಇನ್ನೊಂದು ಡಿಸ್ಕಿಗೆ ಇಡುವ ಒಂದು ಸಾಲಿನ ಆಜ್ಞೆಯನ್ನು ನಾನು ಬರೆದಿದ್ದೆ. ಅಂಗಡಿಗೆ ಹೋದಾಗಲೆಲ್ಲ ಫೈಲುಗಳ ಪಟ್ಟಿ ನೋಡುತ್ತಿದ್ದೆ. ಒಂದು ದಿನವೂ ತಪ್ಪಿರಲಿಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ, ಕರೆಂಟ್ ಹೋಗಿ ಬಂದು ಹೋಗಿ ಬಂದು, ಯುಪಿಎಸ್ ಬ್ಯಾಟರಿ ಸೋತು, ಮುಖ್ಯ ಡಿಸ್ಕ್ ಮತ್ತೆ ಏಳಲೇ ಇಲ್ಲ. ನಾನು ಧೈರ್ಯವಾಗಿಯೇ ಹಿಂದಿನ ರಾತ್ರಿಯ ಫೈಲನ್ನು ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಅದರ ಹಿಂದಿನ ದಿನದ್ದರಲ್ಲೂ ಇರಲಿಲ್ಲ. ಆಗ ಮೊದಲ ಬಾರಿಗೆ ಅಳತೆಯ ಕಾಲಮ್ಮನ್ನು ನೋಡಿದೆ: 20 ಬೈಟ್, 20 ಬೈಟ್, 20 ಬೈಟ್, ಹನ್ನೊಂದು ತಿಂಗಳ ಉದ್ದಕ್ಕೂ. ಏನೂ ಇಲ್ಲದ್ದನ್ನು ಜಿಜಿಪ್ಪಿಗೆ ಕೊಟ್ಟರೂ ಅದು ತನ್ನ ತಲೆಬರಹ, ಅಡಿಬರಹ ಸೇರಿಸಿ 20 ಬೈಟಿನ ಫೈಲೊಂದನ್ನು ಅಚ್ಚುಕಟ್ಟಾಗಿ ಕಟ್ಟಿಕೊಡುತ್ತದೆ. ಹಿಂದಿನ ಜೂನ್‌ನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿ, ಆ ಸಾಲಿನಲ್ಲಿ ಬದಲಿಸುವುದನ್ನು ನಾನು ಮರೆತಿದ್ದೆ. ಹೊರತೆಗೆಯುವ ಪ್ರೋಗ್ರಾಂ ಪ್ರತಿ ರಾತ್ರಿಯೂ ಸೋಲುತ್ತಿತ್ತು. ಆದರೆ ಒಂದರ ಫಲವನ್ನು ಇನ್ನೊಂದಕ್ಕೆ ಹರಿಸುವ ಪೈಪಿನಲ್ಲಿ ಎರಡು ಆಜ್ಞೆಗಳನ್ನು ಪೋಣಿಸಿದಾಗ, ಆಜ್ಞೆಗಳನ್ನು ನಡೆಸುವ ಶೆಲ್ ವರದಿ ಮಾಡುವುದು ಕೊನೆಯದರ ಫಲಿತಾಂಶವನ್ನು ಮಾತ್ರ, ಮತ್ತು ಜಿಜಿಪ್ ಎಂದೂ ಸೋತಿರಲಿಲ್ಲ. ಬ್ಯಾಶ್ ಎಂಬ ಶೆಲ್ಲಿನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆಯನ್ನು ಮೊದಲ ಸಾಲಿನಲ್ಲೇ ಹಾಕಿದ್ದರೆ ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು.

ಆ ವರ್ಷದ ಲೆಕ್ಕವನ್ನು ನಮಗೆ ಮರಳಿ ಕೊಟ್ಟದ್ದು ಹಿರಿಯ ಗುಮಾಸ್ತರ ಕೆಂಪು ಬಟ್ಟೆಯ ಕಿರ್ದಿ. ಕಂಪ್ಯೂಟರ್ ಬಂದ ಮೇಲೂ ಅದನ್ನು ಬರೆಯುತ್ತಿದ್ದ ಅವರನ್ನು ನಾನು ಎಷ್ಟೋ ಸಲ ತಮಾಷೆ ಮಾಡಿದ್ದೆ. ಹತ್ತೊಂಬತ್ತು ದಿನ ಅವರು ಓದಿದರು, ನಾನು ತುಂಬಿದೆ. ಒಂದು ಸಲವೂ ಅವರು ಆ ತಮಾಷೆಯನ್ನು ನೆನಪಿಸಲಿಲ್ಲ. 2017ರ ಜನವರಿ 31ರಂದು, ಪ್ರೋಗ್ರಾಮುಗಳ ಕೋಡನ್ನು ಕಾಪಾಡಿಡುವ ಸಂಸ್ಥೆಯಾದ ಗಿಟ್‌ಲ್ಯಾಬ್‌ನವರ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋದಾಗ ಅವರ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲವೆಂದು ಅವರೇ ಬಹಿರಂಗವಾಗಿ ಬರೆದುಕೊಂಡರು. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ಅದನ್ನು ಓದಿದ ರಾತ್ರಿ ನನಗೆ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಈಗ ನಾನು ಪ್ರತಿ ತಿಂಗಳ ಮೊದಲ ಭಾನುವಾರ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಪೂರ್ತಿ ಬಿಚ್ಚಿ, ಹಿಂದಿನ ದಿನದ ಕೊನೆಯ ಪಟ್ಟಿಯನ್ನು ಅದರಿಂದ ಅಚ್ಚು ಹಾಕಿ, ಅಂಗಡಿಯ ಪ್ರತಿಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಮೂರು ಪ್ರತಿಗಳಿವೆ, ಅವುಗಳಲ್ಲಿ ಒಂದು ರಾಯಚೂರಿನಲ್ಲೇ ಇಲ್ಲ. ನಿಮ್ಮ ತಂಡದಲ್ಲಿ ಈ ಕೆಲಸ ಯಾರದು ಎಂದು ವಿಚಾರಿಸು. ಹೊಸಬಳು ಕೇಳಬಾರದೆಂಬ ಸಂಕೋಚ ಬೇಡ, ಹೊಸಬರು ಕೇಳಿದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಯಾರದೂ ಅಲ್ಲವೆಂದು ತಿಳಿದರೆ ನಾನೇ ನೋಡಿಕೊಳ್ಳುತ್ತೇನೆಂದು ಹೇಳು. ನಿನ್ನೆ ರಾತ್ರಿಯ ಫೈಲಿನ ಅಳತೆ ಎಷ್ಟಿದೆ ಎಂದು ನೋಡಿ ನನಗೊಂದು ಸಾಲು ಬರೆ.

ಅವ್ವ ನಿನಗೆಂದು ಶೇಂಗಾ ಹಿಂಡಿ ಕುಟ್ಟಿಸಿ ಡಬ್ಬಿ ಕಟ್ಟಿಟ್ಟಿದ್ದಾಳೆ, ಬರುವ ಶನಿವಾರ ಬಳ್ಳಾರಿ ಬಸ್ಸಿಗೆ ಹಾಕಿ ಫೋನ್ ಮಾಡುತ್ತೇನೆ.

ನಿನ್ನ ಕಾಕಾ