ಕಲಬುರಗಿ ಬಿಸಿಲಲ್ಲಿ ‘ಕೋಲ್ಡ್ ಏರ್’ ಎಲ್ಲಿಂದ ಬರಬೇಕು?

ಮಾನ್ಯ ಸಂಪಾದಕರೇ,

ನಮ್ಮ ಊರಿನ ರಿಂಗ್ ರಸ್ತೆಯ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಈಗ ಸೀಟ್ ಕವರ್ ಜೊತೆಗೆ ಕೋಲ್ಡ್ ಏರ್ ಇಂಟೇಕ್ (ಇಂಜಿನ್ನಿಗೆ ತಣ್ಣನೆ ಗಾಳಿ ಕೊಡುತ್ತದೆ ಎನ್ನುವ ಪೈಪು, ಫಿಲ್ಟರ್) ಕೂಡ ಮಾರುತ್ತಿದ್ದಾರೆ. ಹಾಕಿಸಿದರೆ ಪಿಕಪ್ ಜಾಸ್ತಿ, ಮೈಲೇಜ್ ಜಾಸ್ತಿ, ಇಂಜಿನ್ ಬಾಳಿಕೆಯೂ ಜಾಸ್ತಿ ಅಂತೆ. ಒಂದು ಪೈಪಿನಿಂದ ಇಷ್ಟೆಲ್ಲ ಆಗುವುದಿದ್ದರೆ ಕಾರು ಕಂಪನಿಯವರು ಸುಮ್ನೆ ಬಿಡುತ್ತಿದ್ದರಾ? ಹುಡುಗರು ಸಾವಿರಾರು ರೂಪಾಯಿ ಸುರಿಯುತ್ತಿರುವುದನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಇದರ ಹಿಂದಿನ ತತ್ವ ಸುಳ್ಳಲ್ಲ. ತಣ್ಣಗಿನ ಗಾಳಿ ದಟ್ಟವಾಗಿರುತ್ತದೆ, ಅದರಲ್ಲಿ ಆಮ್ಲಜನಕ ಜಾಸ್ತಿ. ಗಾಳಿಯ ಬಿಸಿ 10 ಡಿಗ್ರಿ ಏರಿದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ, ಇಂಜಿನ್ನಿನ ಗರಿಷ್ಠ ಶಕ್ತಿಯೂ ಅದರ ಜೊತೆಗೇ ಇಳಿಯುತ್ತದೆ. ಆದರೆ ಈ ಪೈಪು ಫ್ರಿಜ್ ಅಲ್ಲ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದರೆ ಅದು ಕೊಡುವುದೂ 43 ಡಿಗ್ರಿ ಗಾಳಿಯನ್ನೇ.

ಆ ಗಾಳಿ ನಿಮ್ಮ ಕಾರಿಗೆ ಈಗಾಗಲೇ ಸಿಗುತ್ತಿದೆ. ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯ ಮೂತಿ ಎಲ್ಲಿಗೆ ಹೋಗಿದೆ ನೋಡಿ. ಈಗಿನ ಬಹುತೇಕ ಗಾಡಿಗಳಲ್ಲಿ ಅದು ಗ್ರಿಲ್ ಹಿಂದೆ ಅಥವಾ ಹೆಡ್‌ಲೈಟ್ ಪಕ್ಕಕ್ಕೆ ಹೋಗಿರುತ್ತದೆ. ಅಂದರೆ ಕಂಪನಿಯೇ ಕೋಲ್ಡ್ ಏರ್ ಇಂಟೇಕ್ ಕೊಟ್ಟಿದೆ, ಸ್ಟಿಕರ್ ಅಂಟಿಸಿಲ್ಲ ಅಷ್ಟೇ. ಆ ಡಬ್ಬಿಯನ್ನು ಕಿತ್ತು ಬಾನೆಟ್ ಒಳಗೇ ಬರೀ ಕೋನ್ ಫಿಲ್ಟರ್ ಕೂರಿಸಿದರೆ ಏನಾಗುತ್ತದೆ? ರೇಡಿಯೇಟರ್, ಎಕ್ಸಾಸ್ಟ್ ಪಕ್ಕದ ಬಿಸಿ ಗಾಳಿಯನ್ನೇ ಇಂಜಿನ್ ಎಳೆದುಕೊಳ್ಳುತ್ತದೆ. ಹೊರಗೆ 43 ಇದ್ದು ಒಳಗೆ 65 ಇದ್ದರೆ ಗಾಳಿ ಶೇ 6ರಿಂದ 7ರಷ್ಟು ತೆಳುವಾಗುತ್ತದೆ. ದುಡ್ಡು ಕೊಟ್ಟು ಪವರ್ ಕಳೆದುಕೊಂಡ ಹಾಗೆ, ಅಲ್ವಾ?

ನಂಬಿಕೆ ಬರದಿದ್ದರೆ ನೀವೇ ಪರೀಕ್ಷೆ ಮಾಡಿ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚುವ ಒಬಿಡಿ ಸ್ಕ್ಯಾನರ್ ಈಗ ಅಗ್ಗಕ್ಕೆ ಸಿಗುತ್ತದೆ. ಇಂಜಿನ್ನಿಗೆ ಹೋಗುವ ಗಾಳಿಯ ಬಿಸಿ ಎಷ್ಟು ಅಂತ ಮೊಬೈಲ್‌ನಲ್ಲೇ ನೋಡಬಹುದು. ಮಧ್ಯಾಹ್ನದ ಹೊತ್ತು ಜಗತ್ ಸರ್ಕಲ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಒಮ್ಮೆ, ಹುಮನಾಬಾದ್ ರಸ್ತೆಯಲ್ಲಿ ಓಡುತ್ತಿರುವಾಗ ಒಮ್ಮೆ ನೋಡಿ. ಅಂಗಡಿಯವರು ತೋರಿಸುವ ಡೈನೊ (ಗಾಡಿಯ ಪವರ್ ಅಳೆಯುವ ಯಂತ್ರ) ವಿಡಿಯೊಗಳಲ್ಲಿ ಎಷ್ಟೋ ಸಲ ಬಾನೆಟ್ ತೆರೆದಿರುತ್ತದೆ, ಎದುರಿಗೆ ದೊಡ್ಡ ಫ್ಯಾನ್ ಬೀಸುತ್ತಿರುತ್ತದೆ. ನಾವೇನು ಬಾನೆಟ್ ತೆರೆದುಕೊಂಡು ಓಡಿಸುತ್ತೇವಾ?

ಹಾಕಿಸಿಕೊಂಡವರು ‘ಫೀಲ್ ಆಗ್ತದೆ’ ಅನ್ನುತ್ತಾರೆ. ಫೀಲ್ ಆಗುವುದು ಸದ್ದು. ಕಂಪನಿ ಡಬ್ಬಿ ಗಾಳಿಯ ಗದ್ದಲವನ್ನು ತಡೆಯುತ್ತದೆ, ಅದನ್ನು ತೆಗೆದರೆ ಇಂಜಿನ್ ಗುರ್ ಅನ್ನುತ್ತದೆ, ಗಾಡಿ ಜೋರಾಯಿತು ಅನಿಸುತ್ತದೆ. ಸದ್ದು ಬೇಕು ಅಂತಲೇ ಹಾಕಿಸುವವರ ಜೊತೆ ನನಗೆ ಜಗಳ ಇಲ್ಲ.

ಮೈಲೇಜ್ ವಿಷಯಕ್ಕೆ ಬರೋಣ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಏರ್ ಫಿಲ್ಟರ್ ಬಗ್ಗೆ ಒಂದು ಅಧ್ಯಯನ ಮಾಡಿತು. ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫಿಲ್ಟರ್ ಬದಲಿಸಿದಾಗ ಪಿಕಪ್ ಮಾತ್ರ ಶೇ 6ರಿಂದ 11ರಷ್ಟು ಸುಧಾರಿಸಿತು. ಕೆಲವೇ ನೂರು ರೂಪಾಯಿಯ ಪೇಪರ್ ಫಿಲ್ಟರ್ ಮಾಡುವ ಕೆಲಸ ಇದು!

ನನಗೆ ನಿಜವಾಗಿ ಹೆದರಿಕೆ ಇರುವುದು ಧೂಳಿನದು. ಸೇಡಂ, ವಾಡಿ, ಮಳಖೇಡ ಕಡೆಗೆ ಸಿಮೆಂಟ್ ಲಾರಿಗಳ ಹಿಂದೆ ಹೋಗಿ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ತೊಗರಿ ರಾಶಿ ಮಾಡುವ ಕಾಲದಲ್ಲಿ ಹಳ್ಳಿ ರಸ್ತೆಯಲ್ಲಿ ಎದುರಿನ ಗಾಡಿಯೇ ಕಾಣುವುದಿಲ್ಲ. ಎಣ್ಣೆ ಸವರಿದ ಕಾಟನ್ ಫಿಲ್ಟರ್ ಗಾಳಿಯನ್ನು ಸಲೀಸಾಗಿ ಬಿಡುತ್ತದೆ ನಿಜ, ಆದರೆ ಪೇಪರ್ ಫಿಲ್ಟರಿಗಿಂತ ಸಾಮಾನ್ಯವಾಗಿ ನುಣ್ಣನೆ ಧೂಳನ್ನೂ ಜಾಸ್ತಿ ಬಿಡುತ್ತದೆ, ಆ ಧೂಳು ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ರೆಕ್ಕೆ ಎಲ್ಲವನ್ನೂ ಮೆಲ್ಲಗೆ ಸವೆಸುತ್ತದೆ. ಇವತ್ತೇ ಏನೂ ಗೊತ್ತಾಗುವುದಿಲ್ಲ. ಕೆಲವು ವರ್ಷ ಬಿಟ್ಟು ಇಂಜಿನ್ ಆಯಿಲ್ ಕುಡಿಯಲು ಶುರು ಮಾಡಿದಾಗ ಈ ಫಿಲ್ಟರ್ ಯಾರಿಗೂ ನೆನಪಿರುವುದಿಲ್ಲ. ಫಿಲ್ಟರಿಗೆ ಎಣ್ಣೆ ಜಾಸ್ತಿ ಸವರಿದರೆ ಗಾಳಿ ಅಳೆಯುವ ಸೆನ್ಸರ್ ಮೇಲೂ ಅದು ಕೂರಬಹುದು, ಆಗ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ.

ಇನ್ನು ಬಂಪರ್ ಕೆಳಗೆ ಪೈಪ್ ಇಳಿಸುವ ಕಿಟ್‌ಗಳು. ತಣ್ಣನೆ ಗಾಳಿ ಸಿಗುತ್ತದೆ ಸರಿ. ಆದರೆ ಮಳೆಗಾಲದಲ್ಲಿ ಕಾಗಿಣಾ ನದಿಯ ನೀರು ರಸ್ತೆ ಮೇಲೆ ಬಂದಾಗ ಅದೇ ಪೈಪು ನೀರನ್ನೂ ಹೀರುತ್ತದೆ. ನೀರನ್ನು ಗಾಳಿಯಂತೆ ಒತ್ತಲು ಆಗುವುದಿಲ್ಲ, ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಇಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇಲ್ಲದಿದ್ದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ದುಡ್ಡೂ ಬರುವುದಿಲ್ಲ.

ಯಾರಿಗೂ ಉಪಯೋಗವೇ ಇಲ್ಲವೇ? ಇದೆ. ದೊಡ್ಡ ಟರ್ಬೊ ಹಾಕಿ, ಇಸಿಯು (ಇಂಜಿನ್ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿ, ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ ಕಂಪನಿ ಡಬ್ಬಿ ಸಾಲುವುದಿಲ್ಲ. ದಿನಾ ಆಫೀಸು, ಬಜಾರು ಅಂತ ಓಡಾಡುವ ಕಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವುದೇ ಅಪರೂಪ. ಪೆಟ್ರೋಲ್ ಕಾರಿನಲ್ಲಿ ಅರ್ಧ ಒತ್ತಿದಾಗ ಗಾಳಿಯನ್ನು ತಡೆಯುವುದು ಥ್ರಾಟಲ್ಲೇ (ಆಕ್ಸಿಲರೇಟರ್ ಒತ್ತಿದಷ್ಟು ತೆರೆಯುವ ಗಾಳಿಯ ಬಾಗಿಲು) ಹೊರತು ಫಿಲ್ಟರ್ ಅಲ್ಲ.

ಈಗಾಗಲೇ ಹಾಕಿಸಿದವರು ಹಳೆ ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಬಿಚ್ಚಿದ ಕ್ಲಿಪ್, ರಬ್ಬರ್ ಹೋಸ್ ಸಮೇತ ಅಂಗಡಿಯಿಂದ ವಾಪಸ್ ಇಸಿದುಕೊಳ್ಳಿ. ವಾರಂಟಿ ಕ್ಲೇಮ್‌ಗೆ ಹೋದಾಗ ಸರ್ವಿಸ್ ಸೆಂಟರಿನವರು ಅದನ್ನು ಕೇಳಬಹುದು.

– ಒಬ್ಬ ಓದುಗ, ಸೇಡಂ ರಸ್ತೆ, ಕಲಬುರಗಿ