ಮಗಳಿಗೊಂದು ಪತ್ರ: ಬೆಕ್ಕಿನ ಮರಿ ವಾಪಸ್ ಹೋದ ಮರುದಿನ

ಧಾರವಾಡ
ಶ್ರಾವಣ ಸೋಮವಾರ

ನನ್ನ ಬಂಗಾರಿ,

ರಾತ್ರಿ ನೀನು ಉಣ್ಣಲಿಲ್ಲ. ಮುಂಜಾನೆ ಹಚ್ಚಿಟ್ಟ ಅವಲಕ್ಕಿಯನ್ನೂ ಹಾಗೇ ಬಿಟ್ಟು ಶಾಲೆಗೆ ಹೋದೆ. ಎದುರು ಕೂತು ಮಾತಾಡಿದರೆ ನಮ್ಮಿಬ್ಬರದೂ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಅಭ್ಯಾಸಕ್ಕೆ ಕೂತಾಗ ಓದು.

ನಿನ್ನೆ ಪಾಟಿಚೀಲದಿಂದ ಆ ಬೂದುಬಣ್ಣದ ಮರಿಯನ್ನು ಹೊರಗೆ ತೆಗೆದಾಗ ನಿನ್ನ ಮುಖ ಹೇಗೆ ಅರಳಿತ್ತು ಅನ್ನುವುದನ್ನು ನಾನು ನೋಡಿದ್ದೇನೆ. ಅರ್ಧ ತಾಸಿನೊಳಗೆ ನಿಮ್ಮಪ್ಪ ಅದನ್ನು ನಿನ್ನ ಗೆಳತಿಯ ಮನೆಗೆ ತಿರುಗಿ ಬಿಟ್ಟು ಬಂದರು. ಸಿಟ್ಟು ಬರುವುದು ಸಹಜ. ಆದರೆ ಬಾಗಿಲಲ್ಲಿ ನಿಂತು ತಮ್ಮನಿಗೆ ಒಂದು ಮಾತು ಅಂದೆ: "ನೀ ಒಬ್ಬಾವ ಇರಲಿಲ್ಲಂದ್ರ ನಮ್ಮನ್ಯಾಗ ಬೆಕ್ಕು ಇರತಿತ್ತು." ಅವನು ಏನೂ ಅನ್ನದೆ ಒಳಗೆ ಹೋದ. ಬೆಕ್ಕು ಬೇಡ ಅಂದವಳು ನಾನು. ಸಿಟ್ಟು ಎಷ್ಟಿದ್ದರೂ ನನ್ನ ಮೇಲೇ ಇರಲಿ.

ಬೆಣ್ಣಿಯ ನೆನಪು ನಿನಗೆ ಇನ್ನೂ ಹಸಿಯಾಗಿಯೇ ಇದೆ. ಎರಡು ವರ್ಷದ ಹಿಂದೆ, ಇಂಥದೇ ಜಿಟಿಜಿಟಿ ಮಳೆಯಲ್ಲಿ, ಅಮ್ಮಿನಬಾವಿಯ ದೊಡ್ಡವ್ವ ಕೊಟ್ಟ ಬೆಕ್ಕಿನ ಮರಿ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದವಳು ನಾನೇ. ತಮ್ಮನಿಗೆ ವರ್ಷವಿಡೀ ನೆಗಡಿ ಇರುತ್ತಿತ್ತು, ಆದರೂ ಮೊದಲು ಡಾಕ್ಟರನ್ನು ಒಂದು ಮಾತು ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಮೂರನೇ ವಾರ, ಒಂದು ನಡುರಾತ್ರಿ, ಅವನ ಎದೆಯಿಂದ ಸುಂಯ್ ಸುಂಯ್ ಸದ್ದು ಕೇಳಿ ಎದ್ದೆ. ಉಸಿರು ಎಳೆದಾಗಲೆಲ್ಲ ಗಂಟಲ ಕೆಳಗಿನ ಕುಳಿ ಒಳಗೆ ಹೋಗುತ್ತಿತ್ತು. ನಿಮ್ಮಪ್ಪ ಮಳೆಯಲ್ಲೇ ಓಡಿ ಆಟೋ ತಂದರು. ದವಾಖಾನೆಯಲ್ಲಿ ಔಷಧವನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬುಲೈಜರ್ ಹಚ್ಚಿ, ಬೆಳಗಿನ ಜಾವಕ್ಕೆ ಅವನಿಗೆ ನಿದ್ದೆ ಹತ್ತಿತು. ಪಕ್ಕದ ಮನೆಯ ಆಯಿ ಬಂದು ನಿನ್ನ ಹತ್ತಿರ ಮಲಗಿದ್ದರು. ನಿನಗೆ ಎಚ್ಚರವೇ ಆಗಲಿಲ್ಲ. ಆ ರಾತ್ರಿಯನ್ನು ನೀನು ಕಂಡಿಲ್ಲ, ನಾನು ಕಂಡಿದ್ದೇನೆ.

ಬೆಣ್ಣಿ ವಾಪಸ್ ಹೋಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ದೀಪಾವಳಿ ಕಳೆದರೂ ಅವನ ದಮ್ಮು ಪೂರ್ತಿ ಇಳಿಯಲಿಲ್ಲ. ಬೆಕ್ಕು ಮನೆ ಬಿಟ್ಟ ಮೇಲೂ ಅದರ ಅಂಶ ಗಾದಿ, ಪರದೆ, ಗೋಡೆಗಳಲ್ಲಿ ನಾಲ್ಕಾರು ತಿಂಗಳು ಉಳಿಯುತ್ತದಂತೆ. ಅದು ಮಲಗುತ್ತಿದ್ದ, ನಿಮ್ಮಜ್ಜಿ ಹೊಲಿದ ಕೌದಿಯನ್ನು ಕುದಿಯುವ ನೀರಲ್ಲಿ ಎಷ್ಟು ಸಲ ಒಗೆದೆನೋ. ನೀಲಿ ತುಂಡುಗಳ ಬಣ್ಣವೆಲ್ಲ ಹೋಗಿ ಬಿಳಿಚಿಕೊಂಡಿವೆ, ನೀನೇ ನೋಡಿದ್ದೀಯಲ್ಲ.

ದಿನಾ ಕೂದಲು ಬಾಚಿದರೆ ಸಾಕು ಎಂದು ನಿನ್ನೆ ವಾದ ಮಾಡಿದೆ. ನಾನೂ ಹಾಗೇ ತಿಳಿದಿದ್ದೆ. ಆದರೆ ತೊಂದರೆ ಕೂದಲಿನದಲ್ಲ. ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಜಿಡ್ಡಿನಲ್ಲಿ ಅಲರ್ಜಿ ಎಬ್ಬಿಸುವ ಒಂದು ಪ್ರೋಟೀನ್ ಇರುತ್ತದೆ, ಅದಕ್ಕೆ ಫೆಲ್ ಡಿ 1 ಎಂದು ಹೆಸರು. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಹೊಟ್ಟಿನ ಹಾಗೆ ಉದುರಿ ಗಾಳಿಗೆ ಸೇರುತ್ತದೆ. ಅದರಲ್ಲಿ ಎಷ್ಟೋ ಕಣಗಳು ಒಂದು ಮಿಲಿಮೀಟರಿನ ಇನ್ನೂರನೇ ಒಂದು ಪಾಲಿಗಿಂತಲೂ ಸಣ್ಣವು, ತಾಸುಗಟ್ಟಲೆ ಗಾಳಿಯಲ್ಲಿ ತೇಲುತ್ತವೆ, ಉಸಿರಿನ ಜೊತೆ ಪುಪ್ಪುಸದ ಆಳಕ್ಕೆ ಇಳಿಯುತ್ತವೆ. ಬಟ್ಟೆಗೂ ಅಂಟುತ್ತವೆ. ಬೆಕ್ಕನ್ನು ಹಿತ್ತಲಲ್ಲೇ ಇಟ್ಟುಕೊಳ್ಳುತ್ತೇನೆ ಅಂದೆಯಲ್ಲ, ನಿನ್ನ ಲಂಗದ ಜೊತೆಗೆ ಅದು ಒಳಗೆ ಬರುತ್ತದೆ.

ಈಗ ನಿನಗೆ ಹೇಳದೆ ಇಟ್ಟುಕೊಂಡ ಒಂದು ಸಂಗತಿ. ಹೋದ ಚಳಿಗಾಲದಲ್ಲಿ ಅವನ ಕೈಗೆ ಅಲರ್ಜಿ ಪರೀಕ್ಷೆ ಮಾಡಿಸಿದೆವು. ಒಂದು ವಾರ ಮೊದಲೇ ನೆಗಡಿ ಗುಳಿಗೆ ನಿಲ್ಲಿಸಿದ್ದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿ ಪೆನ್ನಿನಿಂದ ಅಂಕಿ ಬರೆದು, ಒಂದೊಂದರ ಪಕ್ಕ ಅಲರ್ಜಿ ಮಾಡುವ ಒಂದೊಂದು ವಸ್ತುವಿನ ಸಾರದ ಹನಿ ಇಟ್ಟು, ಹನಿಯ ಮೇಲೆ ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಹದಿನೈದು ನಿಮಿಷ ಕೈ ಅಲ್ಲಾಡಿಸಬಾರದು. ನಾವಿಬ್ಬರೂ ಆ ಕೈಯನ್ನೇ ನೋಡುತ್ತ ಕೂತೆವು. ಒಂದು ಕಡೆ ಸೊಳ್ಳೆ ಕಚ್ಚಿದ ಹಾಗೆ ಗುಳ್ಳೆ ಏಳತೊಡಗಿತು, ಸುತ್ತ ಕೆಂಪಾಯಿತು. "ಅವ್ವಾ, ಇದು ಬೆಕ್ಕಿಂದನ?" ಎಂದ. ಹೌದು ಎಂದರು ನರ್ಸಮ್ಮ. 3 ಮಿಲಿಮೀಟರ್ ಎದ್ದರೇ ಲೆಕ್ಕಕ್ಕೆ ಬರುತ್ತದಂತೆ, ಬೆಕ್ಕಿನದು 7 ಇತ್ತು. ನಾಯಿಯದು 4. ಮನೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳದ್ದೂ ಎದ್ದಿತ್ತು. ಮಳೆಗಾಲದ ತಂಪಿಗೆ ಅವು ಗಾದಿಯೊಳಗೆ ಹೆಚ್ಚುತ್ತವೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅವನು ನನ್ನ ಸೆರಗು ಎಳೆದು ಅಂದದ್ದು ಇಷ್ಟು: "ಅಕ್ಕಗ ಬೆಕ್ಕಿಂದು ಹೇಳಬ್ಯಾಡ. ಆಕಿ ಅಳತಾಳ."

ಅವನಿಗೆ ಕೊಟ್ಟ ಮಾತನ್ನು ಇವತ್ತು ಮುರಿದಿದ್ದೇನೆ.

ನಾಯಿಯ ವಿಚಾರಕ್ಕೂ ನಾನು ತಲೆ ಕೆಡಿಸಿಕೊಂಡಿದ್ದೇನೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಗುಂಗುರು ಕೂದಲಿನ ಮರಿ ತೋರಿಸಿ, "ಇದಕ್ಕ ಅಲರ್ಜಿ ಆಗೂದಿಲ್ರಿ" ಎಂದರು, ದೊಡ್ಡ ರೇಟು ಹೇಳಿದರು. ನಂಬಬೇಡ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಾಯಿ ಸಾಕಿದ ಮನೆಗಳ ಧೂಳಿನಲ್ಲಿ ನಾಯಿಯ ಅಲರ್ಜಿ ಅಂಶ ಎಷ್ಟಿದೆ ಎಂದು ಅಳೆದು 2011ರಲ್ಲಿ ಪ್ರಕಟಿಸಿದ್ದಾರೆ. ಅಲರ್ಜಿ ಮಾಡುವುದಿಲ್ಲ ಎಂದು ಮಾರುವ ಜಾತಿಗಳ ಮನೆಗೂ ಉಳಿದ ಮನೆಗಳಿಗೂ ಫರಕು ಕಂಡಿಲ್ಲ. ನಮ್ಮ ಮುಧೋಳ ನಾಯಿಗೆ ಮೈಗಂಟಿದ ಗಿಡ್ಡ ಕೂದಲು, ಅದಾದರೂ ಆದೀತು ಎಂದು ನಿಮ್ಮಪ್ಪನ ಆಸೆ. ಕೂದಲು ಗಿಡ್ಡ ಇದ್ದರೇನು, ಜೊಲ್ಲು ಇದ್ದೇ ಇದೆ. ಮೇಲಾಗಿ ಅದು ಬಯಲಲ್ಲಿ ಓಡುವ ಬೇಟೆನಾಯಿ, ನಮ್ಮ ಓಣಿಯ ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವುದು ಅದಕ್ಕೆ ಮಾಡುವ ಅನ್ಯಾಯ. ಮೊಲದ ಜೊಲ್ಲು, ಉಚ್ಚೆಗೂ ಅಲರ್ಜಿ ಆಗುತ್ತದೆ, ಅದಕ್ಕೆ ಹಾಕುವ ಒಣಹುಲ್ಲಿನ ಧೂಳು ಬೇರೆ. ಹಸಿರು ಗಿಳಿಯನ್ನೂ ನಕ್ಷತ್ರ ಆಮೆಯನ್ನೂ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಯಾರೇ ಮಾರಲಿ. ಇಂಜೆಕ್ಷನ್ ಕೊಟ್ಟು ಅಲರ್ಜಿಯನ್ನು ಪಳಗಿಸುವ ಚಿಕಿತ್ಸೆ ಇದೆ, ಮೂರರಿಂದ ಐದು ವರ್ಷ ಹಿಡಿಯುತ್ತದೆ. ಮೊದಲು ದಮ್ಮು ಹತೋಟಿಗೆ ಬರಲಿ ಎಂದಿದ್ದಾರೆ ಡಾಕ್ಟರು.

ತಂದು ನೋಡೋಣ, ಆಗದಿದ್ದರೆ ಕೊಟ್ಟರಾಯಿತು ಎನ್ನುವುದು ಮಾತ್ರ ಇನ್ನೊಮ್ಮೆ ಈ ಮನೆಯಲ್ಲಿ ಆಗುವುದಿಲ್ಲ. ಬೆಣ್ಣಿ ಹೋದ ದಿನ ನೀನು ಅದರ ಹಾಲಿನ ಬಟ್ಟಲನ್ನು ತೊಳೆದು, ಒರೆಸಿ, ನಿನ್ನ ಪುಸ್ತಕದ ಹಿಂದೆ ಇಟ್ಟುಕೊಂಡಿದ್ದೆ. ಅದು ಇನ್ನೂ ಅಲ್ಲೇ ಇದೆ.

ಉಳಿದದ್ದು ಮೀನು. ಮುಖ ಸಿಂಡರಿಸಬೇಡ, ಪೂರ್ತಿ ಓದು. ಮೀನಿನಿಂದ ಗಾಳಿಗೆ ಏನೂ ಉದುರುವುದಿಲ್ಲ. ಅದರ ಒಣ ಆಹಾರದ ಪುಡಿ, ಅದರಲ್ಲೂ ಒಣಗಿಸಿದ ಕೆಂಪು ಹುಳ, ಕೆಲವರಿಗೆ ಆಗುವುದಿಲ್ಲ, ಹಾಗಾಗಿ ಡಬ್ಬಿ ತೆಗೆಯುವುದು, ಕೈ ತೊಳೆಯುವುದು ನಿನ್ನ ಪಾಲಿನ ಕೆಲಸ. ಗುಂಡನೆಯ ಗಾಜಿನ ಬಟ್ಟಲು ಬೇಡ, ಅದರಲ್ಲಿ ಮೀನು ನರಳುತ್ತವೆ. ಎರಡು ಅಡಿ ಉದ್ದದ, ಮುಚ್ಚಳವಿರುವ ತೊಟ್ಟಿ ತರೋಣ, ಸುಮಾರು 50 ಲೀಟರ್ ಹಿಡಿಯುತ್ತದೆ. ಮಲಪ್ರಭೆಯ ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ಅಗಲ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಬೇಕು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯ ವಿಷ, ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅವಸರ ಮಾಡಿದವರ ಮನೆಯಲ್ಲೇ ಮೀನು ಸಾಯುವುದು. ಆಮೇಲೆ ಗಪ್ಪಿ ತರೋಣ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿಗೆ ಬಿಡುವ ಮೀನು ಅದೇ. ಗಟ್ಟಿ ಜೀವ, ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ.

ಮೀನನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಲು ಬರುವುದಿಲ್ಲ ಎನ್ನುವುದು ನನಗೆ ಗೊತ್ತು. ಅದಕ್ಕೇ ದೊಡ್ಡವ್ವನಿಗೆ ಫೋನ್ ಮಾಡಿದೆ. ಬೆಣ್ಣಿ ಈಗ ದೊಡ್ಡದಾಗಿದೆ, ಹಗೇವಿನ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಮಲಗುತ್ತದಂತೆ. ತಿಂಗಳಿಗೆ ಎರಡು ರವಿವಾರ ನಾವಿಬ್ಬರೇ ಹೋಗಿ ಬರೋಣ. ಈ ರವಿವಾರ ಮುಂಜಾನೆಯ ಬಸ್ಸಿಗೇ ಹೊರಡೋಣ. ಹಳೆಯ ಚೂಡಿದಾರ ಹಾಕಿಕೋ. ಬಂದ ಕೂಡಲೇ ಹಿತ್ತಲ ಬಚ್ಚಲಲ್ಲಿ ತಲೆಗೂ ಸ್ನಾನ, ಬಟ್ಟೆ ಅಲ್ಲೇ ಬಕೆಟ್ಟಿಗೆ. ನಾನೂ ಹಾಗೇ ಮಾಡುತ್ತೇನೆ.

ಗೋಡೆಯ ಮಾಡದ ಮೇಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇಟ್ಟಿದ್ದೇನೆ. ತಮ್ಮನಿಗೂ ಒಂದು ಕೊಡು, ನೀನೇ ಕೊಡು.

ನಿನ್ನ
ಅವ್ವ